ಯಾರು ಎಲ್ಲಿ ಕೂತಿದ್ದರು: ಇಟಲಿಯ ಅಖಾಡಗಳಲ್ಲಿ ಅಪ್ಪನ ಜೊತೆ

ಮೊದಲ ದಿನ: ರೋಮ್

ರೋಮನ್ನರ ಅತಿ ದೊಡ್ಡ ಅಖಾಡವಾದ ಕೊಲೋಸಿಯಂ ಹುಡುಕುವ ಕಷ್ಟವೇ ಇಲ್ಲ. ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿದರೆ ರಸ್ತೆಯಾಚೆ ಅದೇ ನಿಂತಿದೆ, 48 ಮೀಟರ್ ಎತ್ತರ. ಅಪ್ಪ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಎಲ್ಲರೂ ಕಮಾನುಗಳ ಫೋಟೊ ತೆಗೆಯುತ್ತಿದ್ದರೆ ಅವರ ಕಣ್ಣು ಗೋಡೆಯ ತುಂಬ ಇರುವ ತೂತುಗಳ ಮೇಲೆ ನೆಟ್ಟಿತು.

"ಇದೇನಮ್ಮ, ಗೋಡೆಗೆ ಸಿಡುಬು ಎದ್ದಿದೆ?"

ಟ್ರಾವರ್ಟಿನ್ ಎಂಬ ಸುಣ್ಣದ ಜಾತಿಯ ಕಲ್ಲು ಅದು, ತಿವೊಲಿಯ ಗಣಿಯಿಂದ ತಂದದ್ದು. ದಿಮ್ಮಿಗಳ ನಡುವೆ ಗಾರೆ ಇರಲಿಲ್ಲ, ಒಂದಕ್ಕೊಂದು ಕಬ್ಬಿಣದ ಪಟ್ಟಿಯಿಂದ ಬಿಗಿದಿದ್ದರು. ಮಧ್ಯಯುಗದಲ್ಲಿ ಕಬ್ಬಿಣಕ್ಕೆ ಬೆಲೆ ಬಂದಾಗ ಜನ ಗೋಡೆ ಕೊರೆದು ಅದನ್ನು ಕಿತ್ತುಕೊಂಡು ಹೋದರು. ಉಳಿದದ್ದು ತೂತು. ಅಪ್ಪ ಬೆರಳಿಟ್ಟು ನೋಡಿ, "ಕಬ್ಬಿಣ ಹೋದರೂ ನಿಂತಿದೆಯಲ್ಲ, ಭಾರವೇ ಹಿಡಿದಿಟ್ಟಿದೆ" ಅಂದರು. ಪೂರ್ತಿ ನಿಂತಿದೆ ಅನ್ನುವ ಹಾಗೂ ಇಲ್ಲ. 1349ರ ಭೂಕಂಪದಲ್ಲಿ ದಕ್ಷಿಣದ ಹೊರಗೋಡೆ ಕುಸಿದಿತ್ತು, ಆ ಕಲ್ಲು ರೋಮಿನ ಎಷ್ಟೋ ಕಟ್ಟಡಗಳಿಗೆ ಸಾಮಗ್ರಿಯಾಯಿತು.

ಉತ್ತರದ ಕಡೆ ಉಳಿದಿರುವ ಹೊರಗಿನ ಕಮಾನುಗಳ ನೆತ್ತಿಯಲ್ಲಿ ರೋಮನ್ ಅಂಕಿಗಳು ಇಂದಿಗೂ ಓದುವ ಹಾಗಿವೆ, 23ರಿಂದ 54ರವರೆಗೆ. ಇದ್ದ 80 ಬಾಗಿಲುಗಳಲ್ಲಿ 76ಕ್ಕೆ ಅಂಕಿ ಕೊಟ್ಟಿದ್ದರು. ಚಕ್ರವರ್ತಿ ಮತ್ತು ದೊಡ್ಡವರಿಗೆ ಮೀಸಲಾದ ನಾಲ್ಕಕ್ಕೆ ಅಂಕಿ ಬೇಕಿರಲಿಲ್ಲ. ಐವತ್ತು ಸಾವಿರಕ್ಕೂ ಹೆಚ್ಚು ಜನ ಬರುವ ಜಾಗ. ಯಾರು ಯಾವ ಬಾಗಿಲಿಂದ ಬಂದು ಯಾವ ಮೆಟ್ಟಿಲು ಹತ್ತಬೇಕು ಎನ್ನುವುದು ಮೊದಲೇ ಗೊತ್ತಾಗಿದ್ದರೆ ನೂಕುನುಗ್ಗಲು ಇಲ್ಲ, ಕೆಳಗಿನವರು ಮೇಲಿನವರಿಗೆ ಎದುರಾಗುವುದೂ ಇಲ್ಲ. ಎರಡನೆಯದೇ ಮುಖ್ಯ ಉದ್ದೇಶವಾಗಿತ್ತೇನೋ ಎಂಬ ಅನುಮಾನ ನನಗೆ ಒಳಗೆ ಹೋದಮೇಲೆ ಶುರುವಾಯಿತು.

ಈಗ ಟಿಕೆಟ್ ಮೇಲೆ ಹೆಸರು ಅಚ್ಚಾಗಿರುತ್ತದೆ, ಬಾಗಿಲಲ್ಲಿ ಪಾಸ್‌ಪೋರ್ಟ್ ತೋರಿಸಬೇಕು. ಆಗ ದುಡ್ಡು ಕೊಡಬೇಕಾಗಿರಲಿಲ್ಲ, ಆದರೆ ಕೂರುವ ಜಾಗವನ್ನು ಹುಟ್ಟು ಮತ್ತು ಅಂತಸ್ತು ನಿರ್ಧರಿಸುತ್ತಿದ್ದವು. ಅಖಾಡಕ್ಕೆ ಅಂಟಿಕೊಂಡ ಕಟ್ಟೆಯ ಮೇಲೆ ಸೆನೆಟ್ ಎಂಬ ರಾಜ್ಯದ ಹಿರಿಯರ ಸಭೆಯ ಸದಸ್ಯರು, ಅಂದರೆ ಸೆನೆಟರ್‌ಗಳು. ಅದರ ಮೇಲೆ ಈಕ್ವಿಟೀಸ್, ಅಂದರೆ ನಾಲ್ಕು ಲಕ್ಷ ಸೆಸ್ಟರ್ಸ್ (ರೋಮನ್ ನಾಣ್ಯ) ಆಸ್ತಿ ತೋರಿಸಬಲ್ಲ ಶ್ರೀಮಂತ ವರ್ಗ. ಆಮೇಲೆ ಬಿಳಿ ಟೋಗಾ ಎಂಬ ಮೇಲುವಸ್ತ್ರ ಹೊದ್ದ ಸಾಮಾನ್ಯ ನಾಗರಿಕರು. ಎಲ್ಲಕ್ಕಿಂತ ಮೇಲೆ, ಮರದ ಅಟ್ಟಣೆಯಲ್ಲಿ, ಬಡವರು ಮತ್ತು ಹೆಂಗಸರು. ಈ ವ್ಯವಸ್ಥೆಯ ತಳಪಾಯ ಮೊದಲ ಚಕ್ರವರ್ತಿ ಅಗಸ್ಟಸ್ ಮಾಡಿದ ನಿಯಮಗಳು: ಸೈನಿಕರು ಬೇರೆ, ಮದುವೆಯಾದ ಗಂಡಸರು ಬೇರೆ, ಹುಡುಗರು ಬೇರೆ, ಅವರ ಪಕ್ಕದ ಸಾಲಿನಲ್ಲೇ ಅವರ ಮೇಷ್ಟ್ರುಗಳು, ಕಪ್ಪು ಬಟ್ಟೆಯವರು ನಡುವಿನ ಸಾಲುಗಳಲ್ಲಿ ಕೂರುವಂತಿಲ್ಲ. ಹೆಂಗಸರ ಪೈಕಿ ವೆಸ್ಟಾ ದೇವತೆಯ ಕನ್ಯಾ ಪೂಜಾರಿಣಿಯರಿಗೆ ಮಾತ್ರ ಕೆಳಗೆ ಜಾಗ.

ನಾನು ಎರಡನೇ ಹಂತದ ಕಟಾಂಜನ ಹಿಡಿದು ನಿಂತೆ. ಮರಳಿನ ನೆಲ ಹೋಗಿದೆ, ಆಸನಗಳೂ ಬಹುಪಾಲು ಹೋಗಿವೆ. ಆದರೆ ಒಂದು ವಿಷಯ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ: ಎಲ್ಲಿ ನಿಂತರೂ ಕಣ್ಣಿಗೆ ಮೊದಲು ಬೀಳುವುದು ಎದುರಿನ ಮೆಟ್ಟಿಲುಗಳಲ್ಲಿರುವ ಜನ. ಅರ್ಧವೃತ್ತದ ರಂಗಮಂದಿರದಲ್ಲಿ ಎಲ್ಲರ ಮುಖ ರಂಗದ ಕಡೆಗಿರುತ್ತದೆ. ಇಲ್ಲಿ ಊರಿಗೆ ಊರೇ ಮುಖಾಮುಖಿ ಕೂತಿರುತ್ತಿತ್ತು, ದರ್ಜೆವಾರು, ಬಟ್ಟೆಯ ಬಣ್ಣದ ಸಮೇತ.

ಈ ಜಾಗದಲ್ಲಿ ಮೊದಲು ಚಕ್ರವರ್ತಿ ನೀರೋನ ಅರಮನೆಯ ಕೊಳವಿತ್ತು. ಅವನು ಸತ್ತು, ಅಂತರ್ಯುದ್ಧ ಮುಗಿದು, ರಾಜಮನೆತನದ ಹಿನ್ನೆಲೆಯೇ ಇಲ್ಲದ ವೆಸ್ಪಾಸಿಯನ್ ಗದ್ದುಗೆಗೆ ಬಂದ. ಕೊಳ ಬತ್ತಿಸಿ ಅಲ್ಲಿ ಜನರಿಗಾಗಿ ಅಖಾಡ ಕಟ್ಟಿಸಿದ. ದುಡ್ಡು ಎಲ್ಲಿಂದ ಬಂತು ಎನ್ನುವುದಕ್ಕೆ ಒಂದು ಕಲ್ಲು ಸಾಕ್ಷಿ. ಅದರ ಮೇಲೆ ಐದನೇ ಶತಮಾನದ ಶಾಸನ ಕೆತ್ತಿದೆ. ಹತ್ತಿರದಿಂದ ನೋಡಿದರೆ ಅಕ್ಷರಗಳ ನಡುವೆ, ಅವಕ್ಕೆ ಸಂಬಂಧವೇ ಇಲ್ಲದ ಸಣ್ಣ ಸಣ್ಣ ಗುಳಿಗಳಿವೆ. ಹಿಂದೆ ಅಲ್ಲಿ ಕೂರಿಸಿದ್ದ ಕಂಚಿನ ಅಕ್ಷರಗಳ ಮೊಳೆಗಳ ಜಾಗ ಅವು. 1995ರಲ್ಲಿ ಗೆಜಾ ಆಲ್‌ಫೋಲ್ಡಿ ಎಂಬ ವಿದ್ವಾಂಸ ಆ ಗುಳಿಗಳ ಅಂತರ ಲೆಕ್ಕ ಹಾಕಿ ಹಳೆಯ ಬರಹವನ್ನು ಕೂಡಿಸಿದರು: ಯುದ್ಧದ ಲೂಟಿಯಿಂದ ಕಟ್ಟಿಸಿದ ಹೊಸ ಅಂಫಿಥಿಯೇಟರ್, ಅಂದರೆ ಸುತ್ತಲೂ ಮೆಟ್ಟಿಲಿರುವ ಅಖಾಡ. ಯಾವ ಯುದ್ಧ ಎಂದರೆ ಕ್ರಿ.ಶ. 70ರಲ್ಲಿ ಜೆರೂಸಲೇಮನ್ನು ಸುಟ್ಟ ಯುದ್ಧ.

ವೆಸ್ಪಾಸಿಯನ್‌ನ ಮಗ ಟೈಟಸ್ 80ರಲ್ಲಿ ಉದ್ಘಾಟಿಸಿ ನೂರು ದಿನ ಆಟ ಆಡಿಸಿದ. ನಡುನಡುವೆ ಜನರತ್ತ ಮರದ ಪುಟ್ಟ ಚೆಂಡುಗಳನ್ನು ಎರಚುತ್ತಿದ್ದರಂತೆ. ಚೆಂಡಿನ ಮೇಲೆ ಬರೆದದ್ದನ್ನು ತೋರಿಸಿದರೆ ಊಟವೋ ಬಟ್ಟೆಯೋ ಬೆಳ್ಳಿ ಪಾತ್ರೆಯೋ ಕುದುರೆಯೋ, ಕೆಲವೊಮ್ಮೆ ಗುಲಾಮನೊಬ್ಬನೋ ಸಿಗುತ್ತಿದ್ದ.

ಎರಡನೇ ದಿನ: ನೆಲದ ಕೆಳಗೆ

ನೆಲಮಾಳಿಗೆಗೆ ಬೇರೆ ಟಿಕೆಟ್. ಇದನ್ನು ಮಾಡಿಸಿದ್ದು ಟೈಟಸ್‌ನ ತಮ್ಮ, ಅವನ ನಂತರ ಚಕ್ರವರ್ತಿಯಾದ ಡೊಮಿಷಿಯನ್. ಇಕ್ಕಟ್ಟು ಓಣಿಗಳು, ಒದ್ದೆ ಇಟ್ಟಿಗೆ, ನೆಲದಲ್ಲಿ ಗೂಟದ ಯಂತ್ರ ತಿರುಗಿಸುತ್ತಿದ್ದ ಗುರುತುಗಳು. ಪ್ರಾಣಿಗಳ ಪಂಜರವನ್ನು ಗುಲಾಮರು ಗೂಟ ತಳ್ಳಿ ಮೇಲೆತ್ತುತ್ತಿದ್ದರು, ನೆಲದ ಬಾಗಿಲು ತೆರೆದುಕೊಂಡು ಸಿಂಹ ಮರಳಿನ ಮೇಲೆ ಬರುತ್ತಿತ್ತು. 2015ರಲ್ಲಿ ಅಂಥ ಒಂದು ಲಿಫ್ಟನ್ನು ಮರದಲ್ಲಿ ಮತ್ತೆ ಮಾಡಿ ನಿಲ್ಲಿಸಿದ್ದಾರೆ. ಅಪ್ಪ ಅದರ ಮುಂದಿಂದ ಕದಲಲಿಲ್ಲ. ಹಗ್ಗ ಹೋಗುವ ದಾರಿ, ಎದುರು ತೂಕ, ತಳ್ಳಲು ಎಷ್ಟು ಜನ ಬೇಕು, ಎಲ್ಲ ಲೆಕ್ಕವನ್ನೂ ಗೈಡ್ ಹುಡುಗಿಗೆ ಕೇಳಿ ಸುಸ್ತು ಮಾಡಿಸಿದರು.

ನನಗೆ ಇಷ್ಟವಾದದ್ದು ಚರಂಡಿಯ ಕಥೆ. ಅದರ ಹೂಳು ಸೋಸಿದಾಗ ಅಂಜೂರ, ದ್ರಾಕ್ಷಿ, ಕರಬೂಜದ ಬೀಜಗಳು, ಆಲಿವ್ ಗೊರಟೆಗಳು ಸಿಕ್ಕಿವೆ. ಜೊತೆಗೆ ಕರಡಿಯ ಮೂಳೆ. ಬೆಳಗ್ಗೆ ಬೇಟೆಯಾಟ, ಮಧ್ಯಾಹ್ನ ಅಪರಾಧಿಗಳಿಗೆ ಮರಣದಂಡನೆ, ಆಮೇಲೆ ಗ್ಲಾಡಿಯೇಟರ್ ಎಂಬ ಆಯುಧ ಹಿಡಿದು ಕಾದಾಡುವ ಪಟುಗಳ ಜೋಡಿಗಳು. ಇದು ಸಾಮಾನ್ಯವಾಗಿ ದಿನದ ಕ್ರಮ. ಮಧ್ಯಾಹ್ನದ ಭಾಗ ನೋಡಿ ಬಂದ ತತ್ವಜ್ಞಾನಿ ಸೆನೆಕ, ಅಲ್ಲಿಂದ ತಾನು ಮೊದಲಿಗಿಂತ ಹೆಚ್ಚು ಕ್ರೂರಿಯಾಗಿ ಮನೆಗೆ ಮರಳಿದೆ ಎಂದು ಗೆಳೆಯನಿಗೆ ಬರೆದಿದ್ದಾನೆ. ಉಳಿದವರು ಹಣ್ಣು ತಿಂದರು.

ಗ್ಲಾಡಿಯೇಟರ್‌ಗಳ ವಿಷಯಕ್ಕೆ ಬಂದರೆ, ಪ್ರತಿ ಪಂದ್ಯವೂ ಸಾವಿನಲ್ಲಿ ಮುಗಿಯುತ್ತಿತ್ತು ಎನ್ನುವುದು ಸಿನಿಮಾದವರ ಕೊಡುಗೆ. ಅವರನ್ನು ಸಾಕಲು, ತರಬೇತಿ ಕೊಡಲು ಖರ್ಚಿತ್ತು, ಕೋಲು ಹಿಡಿದ ರೆಫರಿ ಇರುತ್ತಿದ್ದ, ಸೋತವನು ಬೆರಳೆತ್ತಿ ಶರಣಾಗಬಹುದಿತ್ತು. ಆಮೇಲೆ ಜನ ಕೂಗುತ್ತಿದ್ದರು. ತೀರ್ಪು ಆಟ ಕೊಟ್ಟವನದು, ಅಂದರೆ ಖರ್ಚು ಹಾಕಿ ಏರ್ಪಡಿಸಿದವನದು, ರೋಮಿನಲ್ಲಿ ಹೆಚ್ಚಾಗಿ ಚಕ್ರವರ್ತಿಯದೇ. ಕೂಗಿಗೆ ವಿರುದ್ಧ ಹೋಗುವುದು ಅವನಿಗೆ ಲಾಭವಲ್ಲ. ಹಾಗಾಗಿ ಚಕ್ರವರ್ತಿಗೆ ಮುಖ ಕೊಟ್ಟು ಸಾಮಾನ್ಯ ರೋಮನ್ನನೊಬ್ಬ ಕೂಗಿ ಕೇಳಬಹುದಾಗಿದ್ದ ಕೆಲವೇ ಜಾಗಗಳಲ್ಲಿ ಇದೂ ಒಂದಾಗಿತ್ತು. ತೆರಿಗೆ, ಧಾನ್ಯದ ಬೆಲೆ, ಬೇಡದ ಅಧಿಕಾರಿ, ಇಂಥ ಆಟದ ಕೂಟಗಳಲ್ಲಿ ಎಲ್ಲದರ ಕೂಗೂ ಏಳುತ್ತಿತ್ತು. ಅಪಾಯವೂ ಇತ್ತು. ಡೊಮಿಷಿಯನ್‌ಗೆ ಥ್ರೇಸಿಯನ್ ಶೈಲಿಯ ಕಾಳಗದವರನ್ನು ಕಂಡರೆ ಆಗುತ್ತಿರಲಿಲ್ಲ. "ಥ್ರೇಸಿಯನ್ ಎದುರಾಳಿಗೆ ಸಮ, ಆದರೆ ಆಟ ಕೊಡುವವನಿಗೆ ಅಲ್ಲ" ಎಂದು, ಅಂದರೆ ಚಕ್ರವರ್ತಿಯ ಪಕ್ಷಪಾತವೇ ಅವನನ್ನು ಸೋಲಿಸುತ್ತದೆ ಎಂಬರ್ಥದಲ್ಲಿ, ಮಾತಾಡಿದ ಗೃಹಸ್ಥನೊಬ್ಬನನ್ನು ಆಸನದಿಂದ ಎಳೆಸಿ ನಾಯಿಗಳ ಮುಂದೆ ಹಾಕಿಸಿದ ಎಂದು ಚರಿತ್ರಕಾರ ಸ್ವೆಟೋನಿಯಸ್ ಬರೆದಿದ್ದಾನೆ.

ಹೊರಗೆ ಬಂದು ಪೂರ್ವಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ರಸ್ತೆಯ ಮಟ್ಟಕ್ಕಿಂತ ಕೆಳಗೆ ಲೂಡುಸ್ ಮಾಗ್ನುಸ್, ಗ್ಲಾಡಿಯೇಟರ್‌ಗಳ ದೊಡ್ಡ ತರಬೇತಿ ಶಾಲೆ. ಅರ್ಧ ಅಖಾಡ ಕಾಣುತ್ತದೆ, ಇನ್ನರ್ಧ ಕಟ್ಟಡಗಳ ಅಡಿಯಲ್ಲಿದೆ. ಟಿಕೆಟ್ ಬೇಡ, ರಸ್ತೆಯಿಂದಲೇ ಬಗ್ಗಿ ನೋಡಿದರಾಯಿತು.

ಮೂರನೇ ದಿನ: ಕಾಪುವಾ

ಕ್ಯಾಸೆರ್ಟಾ ಕಡೆಗಿನ ಪ್ಯಾಸೆಂಜರ್ ರೈಲಿನಲ್ಲಿ ಸಾಂತಾ ಮರಿಯಾ ಕಾಪುವಾ ವೇತೆರೆ. ಹೆಸರು ರೈಲಿಗಿಂತ ಉದ್ದ. ಹಳೆಯ ಕಾಪುವಾ ನಗರ ಇದ್ದದ್ದು ಇಲ್ಲಿ. ಕೊಲೋಸಿಯಂ ಬಿಟ್ಟರೆ ಅತಿ ದೊಡ್ಡ ಅಂಫಿಥಿಯೇಟರ್‌ಗಳ ಸಾಲಿಗೆ ಸೇರುವ ಕಟ್ಟಡ. ಪ್ರವಾಸಿಗರ ಸುಳಿವೇ ಇಲ್ಲ! ಹೊರಗಿನ 80 ಕಮಾನುಗಳಲ್ಲಿ ಎರಡು ಮಾತ್ರ ಪೂರ್ತಿ ಉಳಿದಿವೆ, ನೆತ್ತಿಗಲ್ಲಿನಲ್ಲಿ ದೇವತೆಯ ತಲೆಯ ಸಮೇತ. ಒಂಬತ್ತನೇ ಶತಮಾನದಲ್ಲಿ ಊರು ಹಾಳಾದ ಮೇಲೆ ಜನ ಕೆಲವು ಕಿಲೋಮೀಟರ್ ದೂರದಲ್ಲಿ ಈಗಿನ ಕಾಪುವಾ ಕಟ್ಟಿಕೊಂಡರು. ಕಲ್ಲುಗಳೂ ಅವರ ಹಿಂದೆ ಹೋದವು.

ಗುಲಾಮರ ದಂಗೆಯ ನಾಯಕ ಸ್ಪಾರ್ಟಕಸ್ ಇಲ್ಲೇ ಹೊಡೆದಾಡಿದ ಎಂದು ನಂಬಿ ಬರುವವರಿದ್ದಾರೆ. ಈಗ ಕಾಣುವ ಕಟ್ಟಡ ಅವನ ಕಾಲಕ್ಕಿಂತ ನೂರೈವತ್ತು ವರ್ಷವಾದರೂ ಈಚಿನದು. ಅವನ ಕಾಲದ ಚಿಕ್ಕ ಅಖಾಡದ ಅವಶೇಷ ಪಕ್ಕದಲ್ಲಿದೆ. ಕ್ರಿ.ಪೂ. 73ರಲ್ಲಿ ಈ ಊರಿನ ಒಂದು ತರಬೇತಿ ಶಾಲೆಯಿಂದ ಎಪ್ಪತ್ತರಷ್ಟು ಜನ ಅಡುಗೆಮನೆಯ ಕತ್ತಿ ಮತ್ತು ಮಾಂಸ ಸುಡುವ ಕಂಬಿ ಹಿಡಿದು ಓಡಿದರು. ಎರಡು ವರ್ಷ ರೋಮಿನ ಸೈನ್ಯಗಳನ್ನು ಒಂದರ ಮೇಲೊಂದರಂತೆ ಸೋಲಿಸಿದರು. ಕೊನೆಗೆ ಸೆರೆಸಿಕ್ಕ ಆರು ಸಾವಿರ ಜನರನ್ನು ಕಾಪುವಾದಿಂದ ರೋಮಿನವರೆಗೆ ಆಪಿಯನ್ ಹೆದ್ದಾರಿಯ ಉದ್ದಕ್ಕೂ ಶಿಲುಬೆಗೇರಿಸಲಾಯಿತು. ಆ ಹೆದ್ದಾರಿ ಈಗಲೂ ಊರ ನಡುವೆ ಹಾದುಹೋಗುತ್ತದೆ, ಚಕ್ರವರ್ತಿ ಹೇಡ್ರಿಯನ್ ಹೆಸರಿನ ಮುರುಕು ಕಮಾನಿನ ಅಡಿಯಲ್ಲಿ. ಸ್ಕೂಟರ್‌ಗಳು ಅದರ ಕೆಳಗೇ ಓಡಾಡುತ್ತವೆ.

ಚಿಕ್ಕದೊಂದು ಗ್ಲಾಡಿಯೇಟರ್ ವಸ್ತುಸಂಗ್ರಹಾಲಯವಿದೆ, ಆಳೆತ್ತರದ ಬೊಂಬೆಗಳ ಕಾಳಗದೊಂದಿಗೆ. ಬೊಂಬೆಗಳು ನನಗೆ ರುಚಿಸಲಿಲ್ಲ. ಅಪ್ಪ ಫೋಟೊ ತೆಗೆಸಿಕೊಂಡರು.

ನಾಲ್ಕನೇ ದಿನ: ಪಾಂಪೇ

ನೇಪಲ್ಸ್‌ನಿಂದ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಈ ಊರಿಗೆ ಲೋಕಲ್ ರೈಲು ಹಿಡಿದು ಬಂದವರೆಲ್ಲ ಪಶ್ಚಿಮದ ಬಾಗಿಲಲ್ಲಿ ಇಳಿದು ಫೋರಂ ಎಂಬ ಊರ ಚೌಕ, ಸ್ನಾನಗೃಹ, ಸೂಳೆಕೇರಿ ನೋಡಿ ದಣಿಯುತ್ತಾರೆ. ಅಂಫಿಥಿಯೇಟರ್ ಇರುವುದು ಪೂರ್ವದ ತುದಿಯಲ್ಲಿ, ಕೋಟೆಗೋಡೆಗೆ ಒತ್ತಿಕೊಂಡು. ನಮ್ಮ ಉದ್ದೇಶ ಅದೊಂದೇ ಆದ್ದರಿಂದ ನೇರ ಅಲ್ಲಿಗೇ ನಡೆದೆವು.

ಕೊಲೋಸಿಯಂ ನೋಡಿ ಬಂದವರಿಗೆ ಇದು ಸಪ್ಪೆ ಎನ್ನಿಸಬಹುದು. ನೆಲಮಾಳಿಗೆ ಇಲ್ಲ, ಲಿಫ್ಟ್ ಇಲ್ಲ. ನೆಲ ಅಗೆದು ಅಖಾಡ ಮಾಡಿ, ಅಗೆದ ಮಣ್ಣನ್ನೇ ಸುತ್ತ ಏರಿ ಹಾಕಿ, ಅದನ್ನು ಗೋಡೆಯಿಂದ ಬಿಗಿದಿದ್ದಾರೆ. "ಕೆರೆ ಏರಿಯ ಕೆಲಸ ಗೊತ್ತಿದ್ದವನೇ ಕಟ್ಟಿರೋದು" ಎಂದು ಅಪ್ಪ ಖುಷಿಪಟ್ಟರು. ಮೇಲಿನ ಸಾಲುಗಳಿಗೆ ಹತ್ತಲು ಹೊರಗಿನಿಂದ ಎದುರುಬದುರು ದೊಡ್ಡ ಮೆಟ್ಟಿಲುಗಳಿವೆ. ನಮಗೆ ಗೊತ್ತಿರುವ ಕಲ್ಲಿನ ಅಂಫಿಥಿಯೇಟರ್‌ಗಳಲ್ಲಿ ಇದೇ ಅತ್ಯಂತ ಹಳೆಯದು, ಸುಮಾರು ಕ್ರಿ.ಪೂ. 70ರದು. ಆ ಹೊತ್ತಿಗೆ ರೋಮಿನಲ್ಲೇ ಇಂಥದ್ದಿರಲಿಲ್ಲ. ಅಲ್ಲಿ ಫೋರಂನಲ್ಲಿ ಮರದ ಅಟ್ಟಣೆ ಹಾಕಿ ಆಡಿಸಿ ಬಿಚ್ಚುತ್ತಿದ್ದರು.

ಕಟ್ಟಿಸಿದವರು ಕ್ವಿಂಕ್ಟಿಯಸ್ ವಾಲ್ಗಸ್ ಮತ್ತು ಮಾರ್ಕಸ್ ಪೊರ್ಸಿಯಸ್, ಊರಿನ ಇಬ್ಬರು ಮುಖ್ಯಾಧಿಕಾರಿಗಳು. ನಮ್ಮ ಸ್ವಂತ ಹಣದಿಂದ ಕಟ್ಟಿಸಿದೆವು, ಜಾಗವನ್ನು ವಸಾಹತುಗಾರರಿಗೆ ಶಾಶ್ವತವಾಗಿ ಕೊಟ್ಟೆವು ಎಂದು ಶಾಸನ ಹಾಕಿಸಿದ್ದಾರೆ. ವಸಾಹತುಗಾರರು ಎಂದರೆ ಸೇನಾಪತಿ ಸುಲ್ಲಾ ಕ್ರಿ.ಪೂ. 80ರಲ್ಲಿ ಈ ಊರಿನ ಮೇಲೆ ಹೇರಿದ ನಿವೃತ್ತ ಸೈನಿಕರು. ಹಳೆಯ ಊರಿನವರ ಹೆಸರನ್ನು ಶಾಸನ ಎತ್ತುವುದೇ ಇಲ್ಲ. ನೆಲ ಕಳೆದುಕೊಂಡವರು ಅವರು, ಅಖಾಡ ಸಿಕ್ಕಿದ್ದು ಬಂದವರಿಗೆ.

ಆಟಕ್ಕೆ ಖರ್ಚು ಮಾಡದೆ ಊರಿನ ರಾಜಕೀಯದಲ್ಲಿ ಮೇಲೆ ಬರುವುದು ಕಷ್ಟವಿತ್ತು. ಪಾಂಪೇಯ ಗೋಡೆಗಳ ಮೇಲೆ ಬಣ್ಣದಲ್ಲಿ ಬರೆದ ಜಾಹೀರಾತುಗಳು ಇದನ್ನು ಚೆನ್ನಾಗಿ ಹೇಳುತ್ತವೆ. ಒಂದರ ಸಾರ ಹೀಗೆ: ನೀರೋನ ಪುರೋಹಿತನಾದ ಸಾಟ್ರಿಯಸ್ ವಾಲೆನ್ಸ್ ಇಪ್ಪತ್ತು ಜೋಡಿ ಗ್ಲಾಡಿಯೇಟರ್‌ಗಳನ್ನೂ, ಅವನ ಮಗ ಹತ್ತು ಜೋಡಿಯನ್ನೂ ಏಪ್ರಿಲ್ 8ರಿಂದ 12ರವರೆಗೆ ಪಾಂಪೇಯಲ್ಲಿ ಆಡಿಸುತ್ತಾರೆ, ಬೇಟೆಯಾಟವಿದೆ, ಮೇಲೆ ಚಪ್ಪರ ಇರುತ್ತದೆ. ನಾನು ಇದನ್ನು ಓದಿ ಹೇಳಿದ್ದೇ ತಡ ಅಪ್ಪ ನಕ್ಕುಬಿಟ್ಟರು. ದಾನಿಯ ಹೆಸರು ದೊಡ್ಡದಾಗಿ, ಮಗನ ಹೆಸರು ಜೊತೆಗೆ, ಕೊನೆಗೆ ಶಾಮಿಯಾನದ ವ್ಯವಸ್ಥೆ ಇದೆ ಎಂಬ ಭರವಸೆ: ನಮ್ಮ ತಾಲ್ಲೂಕಿನ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಫ್ಲೆಕ್ಸ್‌ನಲ್ಲಿ ಇರುವುದೂ ಇಷ್ಟೇ. ಅದನ್ನು ಬರೆದ ಪೇಂಟರ್ ತನ್ನ ಹೆಸರನ್ನೂ ಸೇರಿಸಿದ್ದಾನೆ. ಎಮಿಲಿಯಸ್ ಸೆಲರ್, ಬೆಳದಿಂಗಳಲ್ಲಿ, ಒಬ್ಬನೇ ಬರೆದದ್ದು.

ಕ್ರಿ.ಶ. 59ರಲ್ಲಿ ಇಲ್ಲಿ ದೊಡ್ಡ ಗಲಭೆಯಾಯಿತು. ಆಟ ಕೊಟ್ಟವನು ಲಿವಿನೇಯಸ್ ರೆಗುಲಸ್, ಸೆನೆಟ್‌ನಿಂದ ಹೊರಗೆ ಹಾಕಿಸಿಕೊಂಡಿದ್ದವನು. ಪಕ್ಕದ ನುಚೇರಿಯಾ ಊರಿನವರೂ ಬಂದಿದ್ದರು. ಬೈಗುಳದಿಂದ ಶುರುವಾಗಿ, ಕಲ್ಲಿಗೆ ಹೋಗಿ, ಕತ್ತಿಯಲ್ಲಿ ಮುಗಿಯಿತು ಎನ್ನುತ್ತಾನೆ ಚರಿತ್ರಕಾರ ಟ್ಯಾಸಿಟಸ್. ನುಚೇರಿಯಾದವರು ಹೆಚ್ಚು ಸತ್ತರು, ಕೈಕಾಲು ಕಳೆದುಕೊಂಡವರನ್ನು ರೋಮಿಗೆ ಹೊತ್ತೊಯ್ದರು. ನೀರೋ ವಿಚಾರಣೆಯನ್ನು ಸೆನೆಟ್‌ಗೆ ತಳ್ಳಿದ, ಸೆನೆಟ್ ಅತ್ಯುನ್ನತ ಅಧಿಕಾರಿಗಳಾದ ಕಾನ್ಸಲ್‌ಗಳಿಗೆ ತಳ್ಳಿತು, ಕಡತ ಸುತ್ತಿ ಮತ್ತೆ ಸೆನೆಟ್‌ಗೇ ಬಂತು. ತೀರ್ಪು: ಪಾಂಪೇಯಲ್ಲಿ ಹತ್ತು ವರ್ಷ ಇಂಥ ಕೂಟ ಸೇರುವಂತಿಲ್ಲ, ಕಾನೂನಿಗೆ ಹೊರತಾದ ಸಂಘಗಳು ರದ್ದು, ರೆಗುಲಸ್ ಮತ್ತು ಗಲಭೆ ಎಬ್ಬಿಸಿದವರು ಗಡಿಪಾರು.

ಸಂಘಗಳನ್ನು ಯಾಕೆ ಮುಚ್ಚಿಸಿದರು? ಟ್ಯಾಸಿಟಸ್ ವಿವರಿಸುವುದಿಲ್ಲ, ಆದರೆ ಇದು ಬರೀ ಅಭಿಮಾನಿಗಳ ಹೊಡೆದಾಟವಾಗಿರಲಿಲ್ಲ ಎಂದು ನನಗನ್ನಿಸುತ್ತದೆ. ಎರಡು ವರ್ಷ ಮೊದಲಷ್ಟೇ ನುಚೇರಿಯಾಕ್ಕೆ ಹೊಸದಾಗಿ ಸೈನಿಕರನ್ನು ತಂದು ನೆಲೆಗೊಳಿಸಿದ್ದರು. ಅಕ್ಕಪಕ್ಕದ ಊರುಗಳ ಹಳೆಯ ಹಗೆ ಗುಂಪುಗೂಡಿ ಕೂರುವ ಜಾಗ ಇದೊಂದೇ.

ನೆರಳಿನ ಒಂದು ಮೆಟ್ಟಿಲ ಮೇಲೆ ಕೂತು ಬ್ರೆಡ್ಡು, ಉಪ್ಪಿನಕಾಯಿ ತಿಂದೆವು. ಒಳಗೆ ತಿನ್ನುವಂತಿಲ್ಲ ಎಂದು ಕಾವಲುಗಾರ ಎಬ್ಬಿಸಿದ.

ಐದನೇ ದಿನ: ನೇಪಲ್ಸ್, ಪೊಟ್ಸುವೊಲಿ

ಬೆಳಗ್ಗೆ ನೇಪಲ್ಸ್‌ನ ಪುರಾತತ್ವ ವಸ್ತುಸಂಗ್ರಹಾಲಯ. ಆ ಗಲಭೆಯ ಚಿತ್ರ ಇಲ್ಲಿದೆ, ಪಾಂಪೇಯ ಒಂದು ಮನೆಯ ಗೋಡೆಯಿಂದ ಎತ್ತಿ ತಂದದ್ದು. ಮೇಲಿನಿಂದ ನೋಡಿದಂತೆ ಬರೆದಿದ್ದಾರೆ. ಆ ಎದುರುಬದುರು ಮೆಟ್ಟಿಲುಗಳು, ಮೇಲೆ ಅರ್ಧ ಎಳೆದ ಚಪ್ಪರ, ಅಖಾಡದಲ್ಲಿ, ಸಾಲುಗಳಲ್ಲಿ, ಬೀದಿಯಲ್ಲಿ ಹೊಡೆದಾಡುವ ಪುಟ್ಟ ಮನುಷ್ಯರು. ಹೊರಗೆ ಮರಗಳ ಕೆಳಗೆ ಅಂಗಡಿಗಳನ್ನೂ ಬರೆದಿದ್ದಾರೆ, ಕೋಲಿನ ಆಧಾರದ ಮೇಲೆ ಬಟ್ಟೆ ಕಟ್ಟಿದ ಅಂಗಡಿಗಳು. ತನ್ನ ಊರಿನ ಅವಮಾನದ ದಿನವನ್ನು ಒಬ್ಬಾತ ಮನೆಯ ಗೋಡೆಗೆ ಬರೆಸಿಕೊಂಡಿದ್ದಾನೆ. ಅವನಿಗೆ ಅದು ಗೆಲುವಾಗಿ ಕಂಡಿರಬೇಕು.

ಮಧ್ಯಾಹ್ನ ಮೆಟ್ರೊ ಹಿಡಿದು ಪೊಟ್ಸುವೊಲಿ. ನಿಲ್ದಾಣದಿಂದ ಇಳಿಜಾರಿನಲ್ಲಿ ಸ್ವಲ್ಪ ನಡೆದರೆ ಅಂಫಿಥಿಯೇಟರ್. ಭೂಮಿ ಉಸಿರಾಡಿದಂತೆ ಏರುವ ಇಳಿಯುವ ಪ್ರದೇಶವಿದು, ಸಣ್ಣ ಕಂಪನಗಳು ಸಾಮಾನ್ಯ. ಮೇಲಿನ ಸಾಲುಗಳು ಸವೆದಿದ್ದರೂ ನೆಲಮಾಳಿಗೆ ಮಾತ್ರ ರೋಮಿಗಿಂತ ಗಟ್ಟಿಯಾಗಿ ಉಳಿದಿದೆ. ಅಲ್ಲಿ ಆಕಾಶ ಕಾಣುವ ಬಯಲು, ಇಲ್ಲಿ ಚಾವಣಿ ಹಾಗೇ ಇದೆ. ಚಾವಣಿಯ ಚೌಕ ಕಿಂಡಿಗಳಿಂದ ಬಿಸಿಲು ಸಾಲಾಗಿ ಬೀಳುತ್ತದೆ, ಪಂಜರ ಏರುತ್ತಿದ್ದದ್ದು ಇವುಗಳ ಮೂಲಕವೇ. ಕುಸಿದ ಕಂಬಗಳು, ಕೆತ್ತಿದ ಬೋದಿಗೆಗಳು ಓಣಿಯಲ್ಲಿ ಬಿದ್ದಿವೆ. ಕಟ್ಟಡದ ಶಾಸನ ಹೇಳುವುದು: ಈ ನಗರ ತನ್ನ ಸ್ವಂತ ಹಣದಿಂದ ಕಟ್ಟಿಸಿತು. ಪಾಂಪೇಯಲ್ಲಿ ಇಬ್ಬರು ದಾನಿಗಳು, ರೋಮಿನಲ್ಲಿ ಲೂಟಿ, ಇಲ್ಲಿ ಇಡೀ ಬಂದರು ನಗರದ ಖಜಾನೆ.

ಕೂರುವ ನಿಯಮಗಳು ಹುಟ್ಟಿದ್ದೂ ಈ ಊರಿನಿಂದ. ಅಗಸ್ಟಸ್ ಕಾಲದಲ್ಲಿ ಇಲ್ಲಿಯ ಜನಪ್ರಿಯ ಆಟಕ್ಕೆ ಒಬ್ಬ ಸೆನೆಟರ್ ಬಂದ. ಕಿಕ್ಕಿರಿದ ಜನ. ಯಾರೂ ಎದ್ದು ಜಾಗ ಬಿಡಲಿಲ್ಲ. ಆ ಸಿಟ್ಟಿನಲ್ಲೇ, ಎಲ್ಲಿಯೇ ಆಟ ನಡೆಯಲಿ, ಮೊದಲ ಸಾಲು ಸೆನೆಟರ್‌ಗಳದು ಎಂಬ ಆದೇಶ ಹೊರಟಿತು. ಉಳಿದ ವಿಂಗಡಣೆಯೂ ಅದರ ಜೊತೆಗೇ ಬಂತು.

ಅಪ್ಪನಿಗೆ ಇನ್ನೊಂದು ಕಥೆ ಹೆಚ್ಚು ನಾಟಿತು. ಕ್ರಿ.ಶ. 27ರಲ್ಲಿ ರೋಮಿನ ಹತ್ತಿರದ ಫಿದೇನೇಯಲ್ಲಿ ಅಟಿಲಿಯಸ್ ಎಂಬಾತ ಲಾಭಕ್ಕಾಗಿ ಮರದ ಅಂಫಿಥಿಯೇಟರ್ ಕಟ್ಟಿದ. ತಳಪಾಯ ಗಟ್ಟಿ ನೆಲದ ಮೇಲಿರಲಿಲ್ಲ, ಮರದ ಜೋಡಣೆ ಸಡಿಲ. ತುಂಬಿದ ದಿನವೇ ಕುಸಿಯಿತು. ಸತ್ತವರು, ಗಾಯಗೊಂಡವರು ಸೇರಿ ಐವತ್ತು ಸಾವಿರ ಎನ್ನುತ್ತಾನೆ ಟ್ಯಾಸಿಟಸ್. ನಾಲ್ಕು ಲಕ್ಷ ಸೆಸ್ಟರ್ಸ್‌ಗಿಂತ ಕಡಿಮೆ ಆಸ್ತಿಯವರು ಆಟ ಏರ್ಪಡಿಸಬಾರದು, ನೆಲದ ಗಟ್ಟಿತನ ಪರೀಕ್ಷಿಸದೆ ಅಂಫಿಥಿಯೇಟರ್ ಕಟ್ಟಬಾರದು ಎಂದು ಸೆನೆಟ್ ಕಾನೂನು ಮಾಡಿತು. "ಮಣ್ಣು ಪರೀಕ್ಷೆ! ಎರಡು ಸಾವಿರ ವರ್ಷದ ಹಿಂದೆ! ನಮ್ಮ ಕಂಟ್ರಾಕ್ಟರುಗಳಿಗೆ ಇದನ್ನು ಓದಿಸಬೇಕಿತ್ತು" ಎಂದು ಅಪ್ಪ ಮೆಟ್ರೊ ತುಂಬ ಕೇಳುವ ಹಾಗೆ ಹೇಳಿದರು.

ಕೊನೆಯ ದಿನ: ವೆರೋನಾ

ಉತ್ತರಕ್ಕೆ ದಿನವೆಲ್ಲ ರೈಲು. ವೆರೋನಾದ ಅರೀನಾ ಕೊಲೋಸಿಯಂಗಿಂತ ಹಳೆಯದು, ಮೊದಲ ಶತಮಾನದ ಮೊದಲರ್ಧದ್ದು. 1117ರ ಭೂಕಂಪದಲ್ಲಿ ಹೊರಗಿನ ಸುತ್ತು ಬಹುಪಾಲು ಹೋಗಿ ನಾಲ್ಕೇ ಕಮಾನು ಉಳಿದಿದೆ. ಒಳಗಿನ ಸಾಲುಗಳು ಮಾತ್ರ ಪೂರ್ತಿ ಇವೆ. 1913ರಲ್ಲಿ ಇಲ್ಲಿ ವೆರ್ದಿಯ ಒಪೆರಾ ಆಡಿದರು, ಆಮೇಲೆ ಅದೇ ಪದ್ಧತಿಯಾಯಿತು. ಬೇಸಿಗೆಯ ರಾತ್ರಿಗಳಲ್ಲಿ ಈಗಲೂ ಸಾವಿರಾರು ಜನ ತುಂಬುತ್ತಾರೆ.

ನಮ್ಮದು ಮೇಲಿನ ಕಲ್ಲು ಮೆಟ್ಟಿಲುಗಳ ಟಿಕೆಟ್, ಅಗ್ಗದ್ದು. ಕೆಳಗೆ ಅಖಾಡದ ನೆಲದಲ್ಲಿ ಕೆಂಪು ಕುರ್ಚಿಗಳು, ಅಲ್ಲಿ ಕೂರುವವರು ಕೋಟು, ಉದ್ದನೆಯ ಗೌನು ಹಾಕಿಕೊಂಡು ಬಂದಿದ್ದರು. ಹೆಚ್ಚು ಹಣ ಕೊಟ್ಟವರು ಕೂತಿರುವುದು ಒಂದು ಕಾಲದಲ್ಲಿ ಯಾರಿಗೂ ಬೇಡವಾದವರು ಸಾಯುತ್ತಿದ್ದ ಮರಳಿನ ಜಾಗದಲ್ಲೇ. ನಮ್ಮ ಸಾಲಿನ ಹುಡುಗರು ಪೊಟ್ಟಣದಿಂದ ಚೆರಿ ತಿನ್ನುತ್ತ ಕೆಳಗಿನವರ ಬಟ್ಟೆಯ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು. ಒಪೆರಾ ಶುರುವಾಗುವ ತನಕ ಎಲ್ಲರೂ ಎದುರಿನವರನ್ನೇ ನೋಡುತ್ತಿದ್ದರು.

ಬಾಗಿಲಲ್ಲಿ ದಿಂಬು ಬಾಡಿಗೆಗೆ ಸಿಗುತ್ತಿತ್ತು. ನಾನು ತೆಗೆದುಕೊಂಡೆ. ಅಪ್ಪ, "ಕಲ್ಲಿನ ಮೇಲೆ ಕೂರೋಕೆ ದಿಂಬು ಯಾಕಮ್ಮ, ದಂಡ" ಅಂದಿದ್ದರು. ಸೆನೆಟರ್‌ಗಳು ಬರಿಯ ಹಲಗೆಯ ಮೇಲೆ ಕೂರಬಾರದು ಎಂದು ಅವರಿಗೆ ಮೊದಲು ಮೆತ್ತೆ ಕೊಟ್ಟವನು ಚಕ್ರವರ್ತಿ ಕ್ಯಾಲಿಗುಲಾ ಎಂದು ನಾನು ಹೇಳಿ ನೋಡಿದೆ. ಎರಡನೇ ಅಂಕ ಮುಗಿಯುವ ಹೊತ್ತಿಗೆ ದಿಂಬು ಅವರ ಕೆಳಗಿತ್ತು. ಹಗಲು ಪೂರ್ತಿ ಕಾದ ಕಲ್ಲು ಮಧ್ಯರಾತ್ರಿ ದಾಟಿದರೂ ಬೆಚ್ಚಗಿರುತ್ತದೆ, ನನಗೇನೂ ತೊಂದರೆಯಾಗಲಿಲ್ಲ.